ಎಲ್ಲಿಗೆ ಎಂದು ಕೇಳದ ಬಂಗಲೆ

ಊರೂರಿನ ಜನ ಬಂದು ಇಳಿದುಕೊಳ್ಳುವ ಜಾಗ ಎಂದ ಮೇಲೆ ಅಲ್ಲಿ ನಗು ಬರುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಆಗದಿದ್ದರೆ ಆವತ್ತು ಬಂಗಲೆ ಖಾಲಿಯಿತ್ತು ಎಂದೇ ತಿಳಿಯಬೇಕು.

ನಾನೀಗ ಇರುವುದು ಹುಟ್ಟಿದೂರಿನಿಂದ ಬಹಳ ದೂರ, ಒಡಿಶಾದ ರೂರ್ಕೆಲಾದಲ್ಲಿ, ಮಗಳ ಮನೆಯಲ್ಲಿ. ಹೋದ ಚಳಿಗಾಲದಲ್ಲಿ ಅವರೆಲ್ಲ ನನ್ನನ್ನು ಪುರಿಯ ಹತ್ತಿರ ಸಮುದ್ರದ ದಂಡೆಯ ಒಂದು ಬಾಡಿಗೆ ಬಂಗಲೆಗೆ ಕರೆದುಕೊಂಡು ಹೋಗಿದ್ದರು. ತೆಂಗಿನ ಮರ, ಜೋಕಾಲಿ, ಮೆತ್ತನೆಯ ಮಂಚ, ಎಲ್ಲ ಇತ್ತು. ಮನುಷ್ಯರು ಮಾತ್ರ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ. ಕುಡಿಯುವ ನೀರು ಯಾವ ನಲ್ಲಿಯಲ್ಲಿ, ಡಾಕ್ಟರು ಎಲ್ಲಿ, ಮೀನು ಎಲ್ಲಿ ಸಿಗುತ್ತದೆ, ಅಲೆ ಯಾವಾಗ ಜೋರು, ಎಲ್ಲ ಅದರಲ್ಲಿ. ಮೊಮ್ಮಗಳು ಓದಿ ಹೇಳಿದಳು. “ಚೆನ್ನಾಗಿದೆ, ಆದರೆ ಇದು ಬುತ್ತಿ ಕಟ್ಟಿಕೊಡುತ್ತದೇನೇ?” ಎಂದು ಕೇಳಿದೆ. ಎಪ್ಪತ್ತರ ದಶಕದಲ್ಲಿ, ನಮ್ಮ ಬಂಗಲೆಯಲ್ಲಿ, ಆ ಹಾಳೆಯ ಕೆಲಸವನ್ನೆಲ್ಲ ಮಾಡುತ್ತಿದ್ದವರು ನಮ್ಮ ಅತ್ತೆ.

ನಾನು ಹುಟ್ಟಿದ್ದು ಹರಿಯಬ್ಬೆಯಲ್ಲಿ. ಮದುವೆಯಾಗಿ ಬಂದದ್ದು ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯ ಒಂದು ಪ್ರವಾಸಿ ಬಂಗಲೆಗೆ. ನಮ್ಮ ಕಡೆ ಕಣಿವೆ ಎಂದೇ ಕರೆಯುವ ಅಣೆಕಟ್ಟಿನ ನೀರು ಕಾಣುವ ದಿಬ್ಬದ ಮೇಲೆ ಹೆಂಚಿನ ಕಟ್ಟಡ, ಎರಡು ಕೋಣೆ, ಮುಂದೆ ಜಗಲಿ, ಹಿಂದೆ ನಮ್ಮ ಮನೆ. ನಮ್ಮ ಮನೆಯವರು ಅಲ್ಲಿ ಮೇಟಿ, ಅಂದರೆ ಬಂಗಲೆ ನೋಡಿಕೊಳ್ಳುವವರು. ಕೆಲಸ ಹಂಗಾಮಿ. ಖಾಯಂ ಆಗಬೇಕಾದರೆ ಬಂದುಹೋದವರು ಒಳ್ಳೆಯ ಮಾತು ಆಡಬೇಕು. ಒಂದು ದೂರು ಹೋದರೆ ಕೆಲಸವೂ ಇಲ್ಲ, ತಲೆಯ ಮೇಲಿನ ಹೆಂಚೂ ಇಲ್ಲ. ಹೀಗಾಗಿ ಅವರು ಯಾವಾಗಲೂ ಹೆದರಿಕೊಂಡೇ ಓಡಾಡುತ್ತಿದ್ದರು. ಅತ್ತೆಗೆ ಆ ಹೆದರಿಕೆಯೇ ಇರಲಿಲ್ಲ. ನಮ್ಮದು ಕುರಿ ಸಾಕುವ ಮನೆತನ. ಪ್ರಾಯದಲ್ಲಿ ಗಂಡನ ಜೊತೆ ಮಂದೆಯ ಹಿಂದೆ ಸುತ್ತಿದ್ದರಿಂದ ಎಲ್ಲಿ ನೆರಳು, ಎಲ್ಲಿ ನೀರು, ಎಲ್ಲಿ ಕರಡಿ, ಎಲ್ಲವೂ ಅವರಿಗೆ ಗೊತ್ತು.

ಒಂದೇ ಒಂದು ತೊಡಕು. ಹೊರಟು ನಿಂತವರನ್ನು “ಎಲ್ಲಿಗೆ?” ಎಂದು ಕೇಳಬಾರದು, ಕೇಳಿದರೆ ಹೊರಟ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ನಡವಳಿಕೆ. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ ಒಳಗೆ ಬಂದು ಕುಳಿತು, ನೀರು ಕುಡಿದು, ಮತ್ತೆ ಹೊರಡಬೇಕು. ಬೇರೆಯವರು ಇದನ್ನು ಅಷ್ಟಿಷ್ಟು ಪಾಲಿಸಿದರೆ ಅತ್ತೆ ಪೂರ್ತಿ ಪಾಲಿಸುವವರು. ಎಲ್ಲಿಗೆ ಹೋಗುತ್ತಾರೆಂದು ಕೇಳದೆ ದಾರಿ ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಅತ್ತೆ ಹೇಳುತ್ತಿದ್ದರು.

ನಾಲ್ಕು ದಿಕ್ಕು

ಮೈಸೂರಿನ ಕಡೆಯ ಹೊಸ ಗಂಡಹೆಂಡಿರು ಬಂದಿದ್ದರು. ಬೆಳಿಗ್ಗೆ ತಿಂಡಿ ತಿಂದು, ಅಲಂಕಾರ ಮಾಡಿಕೊಂಡು ಜಗಲಿಗೆ ಬಂದರು. ಅತ್ತೆ ಬುತ್ತಿಯ ಗಂಟನ್ನು ಹುಡುಗಿಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಶುರು ಮಾಡಿದರು.

“ಮೂಡಕ್ಕೆ ಹೋದ್ರೆ ಹಿರಿಯೂರು. ಸಂತೆ ಇದ್ರೆ ಧೂಳು ಜಾಸ್ತಿ, ಮೂಗಿಗೆ ಬಟ್ಟೆ ಕಟ್ಕಳ್ರಿ. ಬಡಗಕ್ಕೆ ಹೋದ್ರೆ ದುರ್ಗ. ಕೋಟೆ ಒಳಗೆ ಕೋತಿ ಅವೆ, ಕೈಚೀಲ ಕಂಕುಳಾಗೆ ಇರ್ಲಿ. ಬಿಸಿಲು ಏರಾಕೆ ಮುಂಚೆ ಹತ್ತಿ ಇಳೀರಿ, ಬಂಡೆ ಕಾದ್ರೆ ಕುಂಡ್ರಾಕಾಗಲ್ಲ. ಪಡುವಕ್ಕೆ ಹೋದ್ರೆ ಹೊಸದುರ್ಗ, ಅಲ್ಲಿಂದ ಬಲಕ್ಕೆ ತಿರುಗಿದ್ರೆ ಹೊಳಲ್ಕೆರೆ. ದಾರ್ಯಾಗೆ ಹುಣಸೇಮರದ ಬಾವಿ ಐತೆ, ಅದರ ನೀರು ಸಿಹಿ. ಆಚೇದು ಉಪ್ಪು, ಬಾಯಿಗೆ ಹಾಕಬ್ಯಾಡ್ರಿ. ತೆಂಕಕ್ಕೆ ಹೋದ್ರೆ ಬರೇ ಗುಡ್ಡ. ಸಂಜೆ ಮುಂದೆ ಕರಡಿ ಬರ್ತಾವೆ. ಅವು ಏನೂ ಮಾಡಲ್ಲ, ನೀವೂ ಏನೂ ಮಾಡಬ್ಯಾಡ್ರಿ.”

ಹುಡುಗ ನಡುವೆ ಒಮ್ಮೆ “ಅಜ್ಜಿ, ನಾವು ಸುಮ್ನೆ...” ಎಂದ. ಅತ್ತೆ ಆಗ ದುರ್ಗದ ಕೋಟೆಯ ಅರ್ಧ ಹತ್ತಿದ್ದರು, ಇಳಿಯುವಂತಿರಲಿಲ್ಲ. ಒಂದೊಂದು ದಿಕ್ಕಿಗೂ ನೆರಳು, ನೀರು, ಮುಳ್ಳು, ಒಳ್ಳೆಯ ಜನ, ನಾಯಿ ಇರುವ ಮನೆ ಎಂದು ವಿವರ ಇರುತ್ತಿತ್ತು. ಮೂಡಣ ಮುಗಿಯುವ ಹೊತ್ತಿಗೆ ಹುಡುಗಿ ಬೆಂಚಿನ ಮೇಲೆ ಕುಳಿತಳು. ಪಡುವಣಕ್ಕೆ ಬುತ್ತಿ ಬಿಚ್ಚಿದಳು. ತೆಂಕಣದ ಕರಡಿ ಬರುವಾಗ ಇಬ್ಬರೂ ಕೈ ತೊಳೆಯುತ್ತಿದ್ದರು.

ನಮ್ಮ ಮನೆಯವರು ಓಡಿಬಂದು, “ಬೇಜಾರು ಮಾಡ್ಕಬ್ಯಾಡ್ರಿ ಸಾರ್, ವಯಸ್ಸಾದೋರು” ಎಂದು ಕೈ ಮುಗಿದರು.

“ಬೇಜಾರು ಯಾಕಪ್ಪ? ಹೊರಗೆ ಕಾಲಿಡದೇನೇ ನಾಲ್ಕೂ ಕಡೆ ತಿರುಗಿ ಬಂದ ಹಾಗಾಯ್ತು” ಎಂದ ಹುಡುಗ. “ಬಹಳ ಆಯಾಸ ಆಗಿದೆ, ಸ್ವಲ್ಪ ಮಲಗ್ತೀವಿ.”

ಬಿಳಿ ಜುಬ್ಬದವರು

ಕೇಳಬಾರದು, ಸರಿ. ನೋಡಬಾರದೆಂದು ಯಾರೂ ಹೇಳಿಲ್ಲವಲ್ಲ. ಅತ್ತೆ ಬಂದವರನ್ನು ನೋಡಿಯೇ ಅರ್ಧ ತಿಳಿಯುತ್ತಿದ್ದರು. ಬೂಟು ಬಿಗಿದಿದ್ದರೆ ಕೋಟೆ. ಹಳೇ ಚಪ್ಪಲಿಯಾದರೆ ಸಂತೆ. ಬರಿಗಾಲಲ್ಲಿ ಮೆಟ್ಟಿಲು ಇಳಿದರೆ ಹಾಲುರಾಮೇಶ್ವರನ ಗುಡಿ. ಬುತ್ತಿಯೂ ಅದಕ್ಕೆ ತಕ್ಕ ಹಾಗೆ: ದೇವಸ್ಥಾನಕ್ಕಾದರೆ ಈರುಳ್ಳಿ ಸೋಕದ ಚಿತ್ರಾನ್ನ, ಕೋಟೆಗಾದರೆ ಕೋತಿಯ ಮೂಗಿಗೆ ಸಿಗದಂತೆ ಬಿಗಿದು ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ. ದಾರಿಯಲ್ಲಿ ಬುತ್ತಿ ಬಿಚ್ಚಿ, “ನಾವು ಇಲ್ಲಿಗೇ ಬರ್ತೀವಿ ಅಂತ ಆ ಅಜ್ಜಿಗೆ ಹೇಗೆ ಗೊತ್ತಾಯ್ತು?” ಎಂದು ಬೆರಗಾದವರು ಎಷ್ಟೋ ಜನ. ಸೊಸೆಯಾಗಿ ನಾನೂ ಬೆರಗಾದವಳೇ. ಸೊಸೆಯೊಬ್ಬಳು ಅತ್ತೆಯ ಬಗ್ಗೆ ಹೀಗೆ ಬರೆದರೆ ಯಾರೂ ನಂಬುವುದಿಲ್ಲ, ಆದರೂ ನಿಜ.

ತಪ್ಪಿದ್ದೂ ಉಂಟು. ಒಮ್ಮೆ ಇಬ್ಬರು ಕಾಲೇಜು ಮೇಷ್ಟ್ರು ಬಂದಿದ್ದರು. ಬೆಳಿಗ್ಗೆ ಗರಿಗರಿಯಾದ ಬಿಳಿ ಜುಬ್ಬ ತೊಟ್ಟು, ಮಡಿ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು ಹಿಡಿದು ಸಿದ್ಧರಾದರು. ಅತ್ತೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ಮದುವೆ ಮನೆಗೆ ಹೊಂಟವ್ರೆ ಕಣೇ. ಗಂಟಿನಾಗೆ ಉಡುಗೊರೆ ಸೀರೆ. ತಿಂಡಿ ಬ್ಯಾಡ, ಬರೇ ಕಾಫಿ ಕೊಡು. ಹೊಟ್ಟೆ ಖಾಲಿ ಇರ್ಲಿ” ಎಂದರು. ಪಾಪ, ಮೇಷ್ಟ್ರು ಸಂಕೋಚದವರು. ಕೊಟ್ಟ ಕಾಫಿ ಕುಡಿದು ಹೊರಟರು.

ಹೊತ್ತು ಮುಳುಗುವಾಗ ಬಂದರು. ಜುಬ್ಬದ ತುಂಬ ಮಸಿ, ಮುಖ ಬಾಡಿಹೋಗಿದೆ. ಹಿಂದಿರುಗಿ ಬಂದವರನ್ನು ಏನು ಬೇಕಾದರೂ ಕೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಅತ್ತೆ ಉತ್ಸಾಹದಿಂದ, “ಮದುವೆ ಊಟ ಹೆಂಗಿತ್ತು ಸ್ವಾಮಿ?” ಎಂದರು.

ಮೇಷ್ಟ್ರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ತಿಳಿಯಿತು: ಅವರು ಹೋಗಿದ್ದು ಹಿರೇಗುಂಟನೂರಿನ ಹೊಲಗಳಿಗೆ. ಅಲ್ಲಿನ ಹಳೇ ಶಾಸನದ ಕಲ್ಲುಗಳಿಗೆ ಮಸಿ ಬಳಿದು ಅಕ್ಷರದ ಅಚ್ಚು ತೆಗೆಯುವುದು ಅವರ ಕೆಲಸ. ಗಂಟಿನಲ್ಲಿದ್ದದ್ದು ಕಾಗದ. ದಿನವೆಲ್ಲ ಬಿಸಿಲು, ಸುತ್ತ ಒಂದು ಮನೆಯಿಲ್ಲ. ನಮ್ಮ ಮನೆಯವರು ಖಾಯಂ ಕೆಲಸ ಕೈತಪ್ಪಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತರು. ಅತ್ತೆ ಕೂರಲಿಲ್ಲ. ಒಲೆ ಹೊತ್ತಿಸಿ ಹೋಳಿಗೆ, ಶಾವಿಗೆ ಪಾಯಸ, ಎರಡು ಬಗೆಯ ಪಲ್ಯ ಮಾಡಿ, ಬಾಳೆಲೆ ಹಾಸಿ, ಇಬ್ಬರಿಗೂ ಒತ್ತಾಯ ಮಾಡಿ ಬಡಿಸಿದರು.

ಹಿರಿಯ ಮೇಷ್ಟ್ರು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಅಂತೂ ಮದುವೆ ಊಟ ಆಯ್ತು ಅಜ್ಜಿ. ಗಂಡೂ ಕಲ್ಲು, ಹೆಣ್ಣೂ ಕಲ್ಲು, ಬೀಗರ ಜಗಳವೇ ಇರಲಿಲ್ಲ” ಎಂದರು.

ಎಲೆಯಡಿಕೆ ದೂರ

ಅತಿಥಿಗಳೇ ಬಾಯಿಬಿಟ್ಟು ಕೇಳಿದರೆ ಅತ್ತೆಗೆ ಕೆಲಸ ಸುಲಭ. ಒಬ್ಬ ಲೇಡಿ ಡಾಕ್ಟರು ಮತ್ತು ಅವರ ಯಜಮಾನರು ಬಂದಿದ್ದರು. ಡಾಕ್ಟರಿಗೆ ನಡೆಯುವ ಹುಚ್ಚು. ಗುಡ್ಡದ ಆಚೆಯ ಕುರಿಹಟ್ಟಿ ನೋಡಬೇಕು, ಎಷ್ಟು ದೂರ ಎಂದು ಅವರೇ ಕೇಳಿದರು.

“ದೂರ ಏನಿಲ್ಲ ಕಣವ್ವಾ. ಎರಡು ಸಲ ಎಲೆಯಡಿಕೆ ಹಾಕ್ಕಂಡ್ರೆ ಬಂದೇಬಿಡ್ತು.”

ಕುರಿ ಕಾಯುವವರ ಲೆಕ್ಕವೇ ಅದು. ಕೈಯಲ್ಲಿ ಗಡಿಯಾರ ಇರುವುದಿಲ್ಲ. ಎಲೆಯಡಿಕೆಯ ಚೀಲ ಸೊಂಟದಲ್ಲೇ ಇರುತ್ತದೆ. ಡಾಕ್ಟರು ಎಂದೂ ಎಲೆ ಹಾಕಿದವರಲ್ಲ. ಆದರೂ ಅಜ್ಜಿಯ ಮಾತಿಗೆ ಬೆಲೆ ಕೊಟ್ಟು, ದಾರಿಗೆಂದು ಅತ್ತೆ ಕೊಟ್ಟ ಎಲೆಯಡಿಕೆಯ ಪೊಟ್ಟಣ ಹಿಡಿದು ಹೊರಟರು.

ಮಧ್ಯಾಹ್ನ ಇಬ್ಬರೂ ಏದುಸಿರು ಬಿಡುತ್ತ ವಾಪಸ್ ಬಂದರು. ಬಾಯಿ, ತುಟಿ, ಗಲ್ಲ, ಯಜಮಾನರ ಅಂಗಿಯ ಮುಂಭಾಗ, ಎಲ್ಲ ಕೆಂಪು. ನಮ್ಮ ಮನೆಯವರು ರಕ್ತವೆಂದೇ ತಿಳಿದು, “ಅವ್ವಾ, ಕರಡಿ!” ಎಂದು ಕೂಗಿಬಿಟ್ಟರು.

“ಕರಡಿ ಅಲ್ಲಪ್ಪ” ಎಂದರು ಡಾಕ್ಟರು ತುಟಿ ಒರೆಸಿಕೊಳ್ಳುತ್ತ. “ಅಜ್ಜಿ, ಪೊಟ್ಟಣ ಪೂರಾ ಮುಗೀತು, ನಿಮ್ಮ ಹಟ್ಟಿ ಬರಲೇ ಇಲ್ಲ!”

ಅತ್ತೆ ಅವರ ಬಾಯೊಳಗೆ ಇಣುಕಿ ನೋಡಿದರು. “ಹಿಂಗೆ ಗಬಗಬ ನುಂಗಿದ್ರೆ ಹಟ್ಟಿ ಹೆಂಗವ್ವಾ ಬರ್ತೈತೆ? ಎಲೆ ನಿಧಾನಕ್ಕೆ ಅಗೀಬೇಕು, ಕಾಲು ಬಿರಬಿರನೆ ಹಾಕ್ಬೇಕು. ನೀವು ತಿರುಗಾಮುರುಗಾ ಮಾಡೀರಿ.”

ಪ್ರಸಾದ ಮತ್ತು ದೂರು

ನಮ್ಮ ಮನೆಯವರು ಹೆದರುತ್ತಿದ್ದ ದಿನ ಕೊನೆಗೂ ಬಂತು. ಬೆಂಗಳೂರಿನ ಒಬ್ಬ ವ್ಯಾಪಾರಸ್ಥರು, ಅವರ ಹೆಂಡತಿ, ಸ್ವಂತ ಕಾರು. ಆ ಮಹಾಶಯರು ಯಾರನ್ನೂ ದಾರಿ ಕೇಳುವವರಲ್ಲ. ಕೇಳಿದರೆ ತಮ್ಮ ಕಾರು ಸಣ್ಣದಾಗುತ್ತದೆ ಎಂದುಕೊಂಡವರು. ಅವರಿಗೆ ದುರ್ಗದ ಕೋಟೆ ನೋಡಬೇಕಿತ್ತು. ಅತ್ತೆ ಆ ಹೆಂಗಸಿನ ರೇಷ್ಮೆ ಸೀರೆ, ಮುಡಿದ ಹೂವು ನೋಡಿ ಹಾಲುರಾಮೇಶ್ವರವೇ ಎಂದು ಗಟ್ಟಿಮಾಡಿಕೊಂಡು, ಆವತ್ತು ಆ ಗುಡಿಯಿರುವ ಪಡುವಣ ದಿಕ್ಕಿನಿಂದ ಶುರು ಮಾಡಿದರು. ಮಹಾಶಯರಿಗೆ ಅವಸರ. ಮೊದಲ ದಿಕ್ಕು ಕಿವಿಗೆ ಬಿದ್ದದ್ದೇ ತಡ, ಇದೇ ಕೋಟೆಯ ದಾರಿ ಎಂದುಕೊಂಡು ಕಾರು ಬಿಟ್ಟರು. ಅತ್ತೆ ಉಳಿದ ಮೂರು ದಿಕ್ಕನ್ನು ಧೂಳಿಗೆ ಹೇಳಿದರು.

ಸಂಜೆ ಕಾರು ಬಂತು. ಮಹಾಶಯರು ಬಾಗಿಲನ್ನು ದಡಾರನೆ ಹಾಕಿ ಇಳಿದರು. ಹಾಲುರಾಮೇಶ್ವರದಲ್ಲಿ ಇಳಿದು, “ಎಲ್ರೀ ಕೋಟೆ?” ಎಂದು ಪೂಜಾರಿಯನ್ನು ಗದರಿಸಿದರಂತೆ. ಪೂಜಾರಿ, “ಕೋಟೆ ದುರ್ಗದಾಗೆ ಐತೆ. ಬಂದದ್ದು ಬಂದೀರಿ, ಕೈ ಮುಗೀರಿ” ಎಂದರಂತೆ. ಆದರೆ ಆ ಹೆಂಗಸಿನ ಮುಖ ಅರಳಿತ್ತು. ಅವರಿಗೆ ಆ ದೇವರ ಹರಕೆ ಎಷ್ಟೋ ವರ್ಷದಿಂದ ಬಾಕಿಯಿತ್ತಂತೆ. ಗಂಡ ಕರೆದುಕೊಂಡು ಹೋಗಿರಲೇ ಇಲ್ಲವಂತೆ.

ಹೆಂಡತಿ ನಮ್ಮ ಅತ್ತೆಗೆ ಪ್ರಸಾದ ಕೊಟ್ಟರು. ಗಂಡ ಇಂಜಿನಿಯರ್ ಸಾಹೇಬರಿಗೆ ದೂರು ಕೊಟ್ಟರು.

ತಾಲೀಮು

ಬಂಗಲೆಯ ಉಸ್ತುವಾರಿ ಹೊತ್ತ ಇಂಜಿನಿಯರ್ ಸಾಹೇಬರು ಇನ್ನೂ ಮದುವೆಯಾಗದ, ಚಿಕ್ಕ ವಯಸ್ಸಿನ, ಕಟ್ಟುನಿಟ್ಟಿನ ಮನುಷ್ಯ. ನಮ್ಮ ಮನೆಯವರನ್ನು ಕರೆಸಿ ಹೇಳಿದರು: “ಅತಿಥಿಗಳನ್ನ ಎಲ್ಲಿಗೆ ಹೋಗ್ತೀರಿ ಅಂತ ಕೇಳಿ ದಾರಿ ಹೇಳಬೇಕು. ಅಷ್ಟೂ ಆಗಲ್ವೇನ್ರಿ? ಮುಂದಿನ ವಾರ ನಾನೇ ಬಂದು ಇಳ್ಕೋತೀನಿ. ಹೊರಡುವಾಗ ನಿಮ್ಮ ತಾಯಿ ನನ್ನನ್ನ ಎಲ್ಲಿಗೆ ಅಂತ ಕೇಳಬೇಕು. ಕೇಳದಿದ್ರೆ ಖಾಯಂ ಮಾತು ಮರೆತುಬಿಡಿ. ಬೇರೆಯವರನ್ನ ಹಾಕ್ತೀನಿ.”

ನಮ್ಮ ಮನೆಯವರು ಬಂದು ಅವ್ವನ ಕಾಲು ಹಿಡಿಯುವುದೊಂದು ಬಾಕಿ. ಅತ್ತೆಗೂ ಮಗನ ಹೊಟ್ಟೆಪಾಡಿನ ಚಿಂತೆ ಇಲ್ಲದೆ ಏನು? “ಆಯ್ತು ಬಿಡಲೇ, ಕೇಳ್ತೀನಿ” ಎಂದರು. ತಾಲೀಮು ಶುರುವಾಯಿತು. ನಮ್ಮ ಮನೆಯವರು ಚೀಲ ಹಿಡಿದು ಅತಿಥಿಯ ಹಾಗೆ ಬಾಗಿಲಲ್ಲಿ ನಿಂತರು. ಅತ್ತೆ ಬಾಯಿ ತೆರೆದರು, ಮುಚ್ಚಿದರು, ಕಂಬ ನೋಡಿದರು.

“ಕೇಳವ್ವಾ.”

“ಇರಲೇ. ಹೆತ್ತ ಮಗನ್ನ ಹೊಸ್ತಿಲ ಮೇಲೆ ನಿಲ್ಲಿಸ್ಕಂಡು ಹೆಂಗೆ ಕೇಳಾದು? ಮೊದ್ಲು ಒಂದು ಲೋಟ ನೀರು ಕುಡಿ.”

ನೀರು ಕುಡಿಸಿ, ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು “ಎಲ್ಲಿ...” ಎನ್ನುವಷ್ಟು ಹೇಳಿದರು. ತಕ್ಷಣ ಗಾಬರಿಯಾಗಿ, ಮಗನನ್ನು ಎಳೆದು ಕೂರಿಸಿ ಮತ್ತೆ ನೀರು ಕುಡಿಸಿದರು. ಇನ್ನೊಂದು ಸಲ ನೋಡೋಣ ಎಂದರೆ ಮತ್ತೆ ಹಿಂದೊಂದು ಮುಂದೊಂದು ಲೋಟ.

ನಾನು ಬುದ್ಧಿವಂತಳ ಹಾಗೆ, “ಅತ್ತೆಮ್ಮ, ಹಿಂದಿನ ದಿನ ಊಟಕ್ಕೆ ಕುಂತಾಗಲೇ ಕೇಳಿಬಿಟ್ರೆ?” ಎಂದೆ.

“ಚೆನ್ನಾಗೈತೆ! ಎಲೆ ಮುಂದೆ ಕುಂತೋರನ್ನ ಎಲ್ಲಿಗೆ ಅಂದ್ರೆ ಎದ್ದು ಹೋಗ್ರಿ ಅಂದಂಗಲ್ವೇನೇ?”

ಸಂಜೆಯ ಹೊತ್ತಿಗೆ ನಮ್ಮ ಮನೆಯವರು ಹಿತ್ತಲ ಕಡೆ ಓಡುತ್ತ, “ಇವತ್ತಿಗೆ ಸಾಕವ್ವಾ, ಹೊಟ್ಟೆಯೇ ಕಣಿವೆ ಆಗೈತೆ” ಎಂದರು.

ಜೀಪು ಹೊರಟದ್ದು

ಇಂಜಿನಿಯರ್ ಸಾಹೇಬರು ಹೇಳಿದ ಹಾಗೇ ಬಂದರು. ಜೊತೆಗೆ ಅವರ ತಾಯಿ, ದಾವಣಗೆರೆ ಕಡೆಯ ದೊಡ್ಡ ಕುಂಕುಮದ ಹೆಂಗಸು. ಮತ್ತೆ ಮಂಡ್ಯದ ಕಡೆಯಿಂದ ಆಗಷ್ಟೇ ಬಂದಿದ್ದ ಹೊಸ ಡ್ರೈವರು. ಬೆಳಿಗ್ಗೆ ಸಾಹೇಬರು ಇಸ್ತ್ರಿ ಮಾಡಿದ ಷರ್ಟು ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಎಂದೂ ಇಲ್ಲದ ಮದುಮಗನ ಕಳೆಯಲ್ಲಿ ಹೊರಗೆ ಬಂದರು. ತಾಯಿ ಹೋಗಿ ಜೀಪಿನಲ್ಲಿ ಕುಳಿತರು. ಸಾಹೇಬರು ಹತ್ತಲಿಲ್ಲ. ಒಂದು ಕಾಲು ಜೀಪಿನ ಮೇಲಿಟ್ಟು ಅತ್ತೆಯ ಕಡೆ ತಿರುಗಿ ನಿಂತರು.

“ಅಜ್ಜಿ, ನಾವು ಹೊರಟಿದೀವಿ.”

ಅತ್ತೆ ಕೈಮುಗಿದು, “ಮೂಡಕ್ಕೆ ಹೋದ್ರೆ ಹಿರಿಯೂರು...” ಎಂದು ಆರಂಭಿಸಿದರು.

“ಅದು ಬೇಡ. ಏನೋ ಕೇಳಬೇಕಿತ್ತಲ್ಲ?”

ಅತ್ತೆ ಮುಗಿದ ಕೈ ಇಳಿಸಿದರು. ಮಗನನ್ನು ನೋಡಿದರು, ಸಾಹೇಬರನ್ನು ನೋಡಿದರು, ನನ್ನನ್ನೂ ನೋಡಿದರು. ಸೆರಗು ಸರಿಮಾಡಿಕೊಂಡು ಮತ್ತೆ ಕಂಬ ನೋಡಿದರು. ನನಗೆ ನಮ್ಮ ಪಾತ್ರೆಪಗಡವೆಲ್ಲ ಆಗಲೇ ಗಾಡಿಗೆ ಏರಿದ ಹಾಗೆ ಕಂಡಿತು. ಅಷ್ಟರಲ್ಲಿ ನಮ್ಮ ಮನೆಯವರು ತಡೆಯಲಾರದೆ ಕಂಬದ ಹಿಂದಿನಿಂದ ಕೂಗಿದರು: “ಎಲ್ಲಿಗೆ ಸಾರ್?”

“ಶಭಾಶ್! ಹೀಗೆ ಕೇಳಬೇಕು” ಎಂದರು ಸಾಹೇಬರು.

“ಯಾವನ್ಲೇ ಅವನು!” ಎಂದಿತು ಜೀಪು. ತಾಯಿ ಆಗಲೇ ಕೆಳಗಿಳಿದಿದ್ದರು. “ಒಂದು ಒಳ್ಳೇ ಕೆಲಸಕ್ಕೆ ಕಾಲು ತೆಗದ್ರೆ ಅಡ್ಡ ಬಾಯಿ ಹಾಕ್ತಾನೆ! ಬಾರೋ ಒಳಗೆ, ಕುಂತ್ಕ.”

“ಅಮ್ಮ, ಕೇಳು ಅಂತ ಹೇಳಿದ್ದು ನಾನೇ.”

“ನೀನಾ? ನಿನ್ನ ಇಂಜಿನಿಯರ್ ಓದಿಸಿದ್ದು ಇದಕ್ಕೇನೋ?”

ಸಾಹೇಬರು ಒಳಗೆ ಬಂದು ಕುಳಿತರು. ಅತ್ತೆ ಕೇಳುವ ಮೊದಲೇ ನೀರು, ಬೆಲ್ಲ ತಂದಿಟ್ಟರು. “ಕುಂತ್ಕಳ್ರಿ ತಾಯಿ. ಒಲೆ ಮೇಲೆ ಉಪ್ಪಿಟ್ಟು ಐತೆ, ಎರಡು ತುತ್ತು ತಿಂದೇ ಹೊರಡ್ರಿ.” ಆ ತಾಯಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, “ನೀವು ಕೇಳಲಿಲ್ಲ, ನಾನು ನೋಡ್ತಿದ್ದೆ” ಎಂದರು. ಅಷ್ಟೇ. ಇಬ್ಬರೂ ಒಂದೇ ತೊಟ್ಟಿಲಲ್ಲಿ ಬೆಳೆದವರ ಹಾಗೆ ಮಾತಿಗೆ ಕುಳಿತರು.

ಉಪ್ಪಿಟ್ಟು ಮುಗಿಸಿ ಎಲ್ಲರೂ ಮತ್ತೆ ಹೊರಟರು. ನಮ್ಮ ಮನೆಯವರು ಟವೆಲನ್ನು ಬಾಯಿಗೆ ತುರುಕಿಕೊಂಡು ದೂರ ನಿಂತಿದ್ದರು. ಜೀಪು ಗುರ್ ಎಂದಿತು. ಡ್ರೈವರು ಹಿಂದೆ ತಿರುಗಿ, ಬಹಳ ವಿನಯದಿಂದ ಕೇಳಿದ: “ಸಾರ್, ಎಲ್ಲಿಗೆ?”

ಮತ್ತೆ ಎಲ್ಲರೂ ಇಳಿದರು. ಮತ್ತೆ ನೀರು. ಈ ಸಲ ಅತ್ತೆ ಶಾವಿಗೆ ಬಸಿದರು. ಡ್ರೈವರು ತಾನು ಮಾಡಿದ ತಪ್ಪು ಏನೆಂದು ತಿಳಿಯದೆ, ಎರಡು ಬಟ್ಟಲು ಶಾವಿಗೆ ತಿಂದು, ಇಂಥ ತಪ್ಪು ಇನ್ನೊಮ್ಮೆ ಮಾಡಲೂ ಸಿದ್ಧನಾದಂತೆ ಕಂಡ.

ಮೂರನೆಯ ಸಲ ತಾಯಿ ಕಟ್ಟಪ್ಪಣೆ ಮಾಡಿದರು. “ಈಗ ಯಾರೂ ಕೇಳಂಗಿಲ್ಲ, ಯಾರೂ ಹೇಳಂಗೂ ಇಲ್ಲ.”

“ಹೇಳದಿದ್ರೆ ಇವನು ಗಾಡಿ ಎಲ್ಲಿಗಮ್ಮ...” ಎಂದ ಸಾಹೇಬರು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡರು.

ಎಲ್ಲರೂ ಜೀಪು ಹತ್ತಿ ಕುಳಿತರು. ಆಗ ಅತ್ತೆ ಜೀಪಿನ ಪಕ್ಕಕ್ಕೆ ಹೋಗಿ, ಯಾರನ್ನೂ ನೋಡದೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ ಶುರು ಮಾಡಿದರು. ಮೂಡಣ ಮುಗಿಯಿತು. ಬಡಗಣ ಮುಗಿಯಿತು. “ಪಡುವಕ್ಕೆ ಹೋದ್ರೆ ಹೊಸದುರ್ಗ, ಅಲ್ಲಿಂದ ಬಲಕ್ಕೆ ತಿರುಗಿದ್ರೆ ಹೊಳಲ್ಕೆರೆ” ಎನ್ನುತ್ತಿದ್ದಂತೆ ಹಿಂದೆ ಕುಳಿತಿದ್ದ ತಾಯಿ ಡ್ರೈವರನ ಬೆನ್ನಿಗೆ ಟಪ್ಪನೆ ಒಂದು ಏಟು ಕೊಟ್ಟರು. ಜೀಪು ಹೊರಟೇಹೋಯಿತು.

ಅವರು ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜೀಪು ಬಂತು. ಮೊದಲು ಇಳಿದದ್ದು ತಾಯಿ. ತಲೆತುಂಬ ಮಲ್ಲಿಗೆ, ಕೈಯಲ್ಲಿ ತಾಂಬೂಲದ ಚೀಲ. ಹಿಂದೆ ಇಳಿದ ಸಾಹೇಬರ ಮುಖದಲ್ಲಿ ಕಟ್ಟುನಿಟ್ಟು ಹುಡುಕಿದರೂ ಸಿಗಲಿಲ್ಲ. ನೆಟ್ಟಗೆ ಅತ್ತೆಯ ಬಳಿ ಬಂದರು.

“ಅಜ್ಜಿ, ನಿಮ್ಮ ಮಗನ್ನ ಖಾಯಂ ಮಾಡಿ ಅಂತ ಮೇಲಿನವರಿಗೆ ಇವತ್ತೇ ಬರೀತೀನಿ. ಒಂದೇ ಷರತ್ತು. ಹೊರಟವರನ್ನ ಕಂಡಾಗ ಅವನ ಬಾಯಿಗೆ ಟವೆಲ್ ಇರಬೇಕು.”

ಆ ಶಿಫಾರಸಿನಿಂದಲೇ ಮುಂದೆ ಕೆಲಸ ಖಾಯಂ ಆದದ್ದು, ನಾವು ಆ ಹೆಂಚಿನ ಕೆಳಗೆ ಉಳಿದದ್ದು. ನಮ್ಮ ಮನೆಯವರು ಕಂಬ ಹಿಡಿದು ಅತ್ತೇಬಿಟ್ಟರು. ಅತ್ತೆ ಕಣ್ಣೊರೆಸಿಕೊಂಡು, ಬಂದವರ ಕಾಲಿಗೆ ನೀರು ಕೊಟ್ಟು, ಇನ್ನು ಅಡ್ಡಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆಳಗಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಕುತೂಹಲವನ್ನೆಲ್ಲ ಸೇರಿಸಿ ಮೊಟ್ಟಮೊದಲ ಬಾರಿಗೆ ಕೇಳಿದರು: “ಅದಿರ್ಲಿ ಸ್ವಾಮಿ, ನೀವು ಹೋಗಿದ್ದು ಎಲ್ಲಿಗೆ?”

ಆ ಮಾತು ಕಿವಿಗೆ ಬಿದ್ದದ್ದೇ ತಡ, ಇಂಜಿನಿಯರ್ ಸಾಹೇಬರು ಹಿಂದುಮುಂದು ನೋಡದೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕೈಚಾಚಿ, “ಕೊಡಿ ಅಜ್ಜಿ, ನೀರು ಕೊಡಿ” ಎಂದರು.